ಬಾಗಿಲು ತೆರೆದವರ ಹೆಸರಿನಲ್ಲಿ

ಜೂನ್ ತಿಂಗಳ ಶಿವಮೊಗ್ಗ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೋಡ, ಸಂಜೆಗೆ ಮಳೆ. ಈ ತಿಂಗಳಲ್ಲಿ ತುಂಗೆಗೆ ನೀರು ಬರುವ ಮುಂಚೆಯೇ ಊರಿಗೆ ಇನ್ನೊಂದು ಪ್ರವಾಹ ಬಂದಿರುತ್ತದೆ. ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಎದೆಗವಚಿಕೊಂಡ ಮಕ್ಕಳು, ಅವರ ಹಿಂದೆ ಕೊಡೆ ಹಿಡಿದ ತಂದೆ, ಅವರ ಹಿಂದೆ ಊಟದ ಡಬ್ಬಿ ಹಿಡಿದ ತಾಯಿ. ಕಾಲೇಜಿನಿಂದ ಕಾಲೇಜಿಗೆ, ಜೆರಾಕ್ಸ್ ಅಂಗಡಿಯಿಂದ ಬ್ಯಾಂಕಿಗೆ ಅವರ ಅಲೆದಾಟ.

ಈ ಸಲ ಆ ಪ್ರವಾಹದಲ್ಲಿ ನಾನೂ ಒಬ್ಬ. ಭದ್ರಾವತಿಯಲ್ಲಿರುವ ತಂಗಿಯ ಮಗ ಎರಡನೇ ಪಿಯುಸಿಯಲ್ಲಿ ಪಾಸಾಗಿದ್ದ. ಪಾಸಾಗಿದ್ದ ಅಷ್ಟೇ. ಶೇಕಡಾ 54. ನನ್ನ ತಂಗಿಗೆ ಮಗ ಎಂಜಿನಿಯರ್ ಆಗಲೇಬೇಕು. ಅಂಕದಿಂದ ಬಾರದ ಸೀಟನ್ನು ಹಣದಿಂದ ತರುವುದೆಂದು ಆಕೆ ತೀರ್ಮಾನಿಸಿಬಿಟ್ಟಿದ್ದಳು. ಅದಕ್ಕಾಗಿ ಇದ್ದ ಒಂದೇ ಒಂದು ಸೈಟನ್ನು ಮಾರುವ ಮಾತು ನಡೆದಿತ್ತು. 'ನೀನೊಮ್ಮೆ ಬಂದು ಕಾಲೇಜು ನೋಡಿಕೊಂಡು ಹೋಗಣ್ಣಾ' ಎಂದು ಫೋನು ಮಾಡಿದ್ದಳು. ಹುಡುಗನ ಮನಸ್ಸಿನಲ್ಲೇನಿದೆ ಎಂದು ಯಾರೂ ಕೇಳಿದಂತಿರಲಿಲ್ಲ. ನಾನೂ ಕೇಳಿರಲಿಲ್ಲ.

ಮಧ್ಯಾಹ್ನದವರೆಗೆ ಅಲೆದು ಬಿ.ಎಚ್. ರಸ್ತೆಗೆ ಬರುವ ಹೊತ್ತಿಗೆ ಮಳೆ ಹಿಡಿಯಿತು. ಎದುರಿಗೆ ಕಂಡದ್ದು ಸೇಕ್ರೆಡ್ ಹಾರ್ಟ್ ಚರ್ಚು. ಓಡಿದೆವು.

ಮಳೆ ಕೊಟ್ಟ ಆಶ್ರಯ

ಶಿವಮೊಗ್ಗಕ್ಕೆ ಬಂದವರು ಶಿವಪ್ಪನಾಯಕನ ಅರಮನೆ ನೋಡುತ್ತಾರೆ, ಸಕ್ರೆಬೈಲಿನ ಆನೆ ನೋಡುತ್ತಾರೆ, ಗಾಜನೂರು ಅಣೆಕಟ್ಟಿಗೆ ಹೋಗಿ ಬರುತ್ತಾರೆ. ಊರ ನಡುವೆ, ಬಸ್ಸಿನ ಕಿಟಕಿಗೇ ಕಾಣುವ ಈ ಬೃಹತ್ ಕಟ್ಟಡದೊಳಗೆ ಹೋಗುವವರು ಕಡಿಮೆ. ಯೇಸುವಿನ ಪವಿತ್ರ ಹೃದಯಕ್ಕೆ ಅರ್ಪಿತವಾದ ಈ ದೇವಾಲಯ ಶಿವಮೊಗ್ಗ ಕಥೋಲಿಕ ಧರ್ಮಕ್ಷೇತ್ರದ ಪ್ರಧಾನ ದೇವಾಲಯ. ಚಿಕ್ಕಮಗಳೂರು ಧರ್ಮಕ್ಷೇತ್ರದಿಂದ ಬೇರ್ಪಟ್ಟು ಶಿವಮೊಗ್ಗ ಸ್ವತಂತ್ರ ಧರ್ಮಕ್ಷೇತ್ರವಾದದ್ದು 1988ರ ನವೆಂಬರಿನಲ್ಲಿ. ರೋಮನ್ ಮತ್ತು ಗಾಥಿಕ್ ಶೈಲಿಗಳನ್ನು ಬೆರೆಸಿ ಕಟ್ಟಿದ ದೇವಾಲಯದ ವಿಸ್ತಾರ ಸುಮಾರು 18,000 ಚದರ ಅಡಿ ಎಂದು ಪ್ರವಾಸಿ ಕೈಪಿಡಿಗಳು ಹೇಳುತ್ತವೆ. ಒಳಗೆ ನಿಂತು ತಲೆಯೆತ್ತಿದರೆ ಆ ಲೆಕ್ಕ ಬೇಕಾಗುವುದಿಲ್ಲ. ಹೊರಗಿನ ಮಳೆಯ ಸದ್ದು ಎಲ್ಲೋ ದೂರದ ಊರಿನಲ್ಲಿ ಸುರಿಯುತ್ತಿರುವಂತೆ ಕೇಳಿಸುತ್ತಿತ್ತು.

ಬಾಗಿಲಲ್ಲೇ ನಿಂತಿದ್ದ ನಮ್ಮನ್ನು ಕಂಡು, ಗುಡಿಸುತ್ತಿದ್ದ ಹಿರಿಯರೊಬ್ಬರು ಪೊರಕೆ ಗೋಡೆಗಾನಿಸಿ ಬಂದರು. 'ಅಲ್ಯಾಕೆ ನಿಂತ್ರಿ? ಎರಚಲು ಹೊಡೀತದೆ. ಒಳಗೆ ಬಂದು ಕೂತ್ಕೊಳ್ಳಿ' ಎಂದರು. ಒದ್ದೆ ಕಾಲಿನ ಗುರುತು ಬಿದ್ದೀತೆಂದು ನಾನು ಹಿಂಜರಿದೆ. 'ಬೀಳಲಿ ಬಿಡಿ. ಒರೆಸೋಕೆ ನಾನಿದ್ದೀನಲ್ಲ' ಎಂದು ನಕ್ಕರು.

ಹುಡುಗ ಬೆಂಚಿನ ಮೇಲೆ ಕೂತು ಅಂಕಪಟ್ಟಿಯ ಕವರು ಒರೆಸಿಕೊಂಡ. ಆ ಹಿರಿಯರು ಅದನ್ನು ನೋಡಿದರು. ಈ ತಿಂಗಳಲ್ಲಿ ಇಂಥ ಕವರು ಹಿಡಿದು ಬಂದು ಮೇಣದ ಬತ್ತಿ ಹಚ್ಚಿ ಹೋಗುವವರನ್ನು ಅವರು ಎಷ್ಟು ಕಂಡಿರಬೇಡ! ಕ್ರೈಸ್ತರು, ಹಿಂದೂಗಳು ಎಂಬ ಭೇದ ಹರಕೆಗಿಲ್ಲ. 'ಓದೋ ಮಕ್ಕಳಿಗೆ ಯಾವ ಸಂತರು?' ಎಂದು ಸುಮ್ಮನೆ ಕೇಳಿದೆ. 'ಓದೋರಿಗೆ ಬಹಳ ಜನ ಇದ್ದಾರೆ ಸಾರ್. ಅಲೋಶಿಯಸ್ ಇದ್ದಾರೆ, ಅಕ್ವಿನಾಸ್ ಇದ್ದಾರೆ. ಓದಕ್ಕೆ ಆಗದೇ ಇದ್ದೋರಿಗೂ ಇದ್ದಾರೆ. ನನ್ನಂಥವರಿಗೆ, ಪೊರಕೆ ಹಿಡಿದ ಸಂತರೂ ಇದ್ದಾರೆ' ಎಂದು ಹೇಳಿ ಮತ್ತೆ ಗುಡಿಸಲು ಹೋದರು.

ಸೋದರಳಿಯ ಬೆಳಗಿನಿಂದ ಮೊದಲ ಬಾರಿಗೆ ತಲೆಯೆತ್ತಿದ. 'ಮಾಮಾ, ಪೊರಕೆ ಹಿಡಿದ ಸಂತರು ಅಂದ್ರೆ ಯಾರು?'

ಮೂರನೆಯ ಸಾಲಿನವರು

ನನಗೆ ಆ ಉತ್ತರ ಅಲ್ಪಸ್ವಲ್ಪ ಗೊತ್ತಿತ್ತು. ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವನು ನಾನು. ಅಕ್ಕಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳ, ಕೊಂಕಣಿ ಮನೆಗಳು. ಶಾಲೆಯ ಹಾಜರಿ ಪುಸ್ತಕದಲ್ಲಿ ಮಂಜುನಾಥ, ಅಬ್ದುಲ್ಲರ ನಡುವೆ ಮಾರ್ಟಿನ್, ಜೆರಾರ್ಡ್, ಲೂಯಿಸ್, ಎಲಿಜಬೆತ್ ಇರುತ್ತಿದ್ದರು. ಆ ಹೆಸರುಗಳ ಹಿಂದೆ ಯಾರಿದ್ದಾರೆಂದು ಆಗ ಕೇಳಿರಲಿಲ್ಲ. ದೊಡ್ಡವನಾದ ಮೇಲೆ ಓದಿ ತಿಳಿದುಕೊಂಡೆ.

ಕಥೋಲಿಕ ಸಂನ್ಯಾಸಿ ಸಭೆಗಳೆಂದರೆ ನಮಗೆ ನೆನಪಾಗುವುದು ಬಿಳಿ ನಿಲುವಂಗಿಯ ಫಾದರ್, ಶಾಲೆಯ ಸಿಸ್ಟರ್. ಆದರೆ ಆ ಸಭೆಗಳಲ್ಲಿ ಗುರುಪಟ್ಟ ಪಡೆಯದ ಬೇರೆ ಇಬ್ಬರೂ ಇರುತ್ತಾರೆ. ಒಬ್ಬರು ಬ್ರದರ್‌ಗಳು. ವ್ರತ ತೊಟ್ಟು ಮಠದಲ್ಲೇ ಇರುವವರು, ಆದರೆ ಪೂಜೆ ಸಲ್ಲಿಸುವ ಅಧಿಕಾರ ಇಲ್ಲದವರು. ಅಡುಗೆ, ಹೊಲಿಗೆ, ಮರಗೆಲಸ, ರೋಗಿಗಳ ಆರೈಕೆ, ಬಾಗಿಲು ಕಾಯುವುದು ಹಿಂದಿನಿಂದಲೂ ಇವರ ಪಾಲಿನ ಕೆಲಸ. ಇನ್ನೊಬ್ಬರು 'ಮೂರನೆಯ ಸಭೆ'ಯವರು. ಇವರು ಮಠದಲ್ಲೂ ಇರುವುದಿಲ್ಲ. ಮನೆ, ಮಡದಿ, ಮಕ್ಕಳು, ಅಂಗಡಿ, ಹೊಲ ಎಲ್ಲ ಇಟ್ಟುಕೊಂಡೇ ಸಭೆಯ ನಿಯಮಕ್ಕೆ ಒಳಪಟ್ಟು ಬಾಳುವ ಶ್ರೀಸಾಮಾನ್ಯರು. ಸಂತ ಫ್ರಾನ್ಸಿಸರ ಸಭೆಯಲ್ಲಿ ಮೊದಲನೆಯದು ಸಂನ್ಯಾಸಿಗಳದು, ಎರಡನೆಯದು ಸಂತ ಕ್ಲಾರಾಳ ಹಾದಿಯ ಸಂನ್ಯಾಸಿನಿಯರದು, ಮೂರನೆಯದು ಸಂಸಾರಿಗಳದು. ಹಾಗಾಗಿ ಆ ಹೆಸರು. ಈ ಸಂಸಾರಿಗಳಿಗಾಗಿ 1221ರಲ್ಲೇ ಒಂದು ಬಾಳುವ ಕ್ರಮ ಸಿದ್ಧವಾಗಿತ್ತು. 1978ರಲ್ಲಿ ಆರನೆಯ ಪೌಲ್ ಪೋಪರು ಅದಕ್ಕೆ ಹೊಸ ನಿಯಮಾವಳಿ ಕೊಟ್ಟರು.

ಪ್ರತಿ ಗುಂಪಿಗೂ ಒಬ್ಬ ಪಾಲಕ ಸಂತರಿರುವುದು ಕಥೋಲಿಕರ ಸಂಪ್ರದಾಯ. ಈ ಮೂರನೆಯ ಸಭೆಯ ಪಾಲಕರು ಒಬ್ಬ ರಾಜ, ಒಬ್ಬ ರಾಜಕುಮಾರಿ. ರಾಜ ಫ್ರಾನ್ಸಿನ ಒಂಬತ್ತನೆಯ ಲೂಯಿ. 1226ರಲ್ಲಿ, ಬಾಲಕನಾಗಿದ್ದಾಗಲೇ ಪಟ್ಟಕ್ಕೆ ಬಂದವನು. ಓಕ್ ಮರದ ಕೆಳಗೆ ಕೂತು ಬಡವರ ವ್ಯಾಜ್ಯ ಕೇಳುತ್ತಿದ್ದನೆಂದು ಹೆಸರಾದವನು, ಪ್ಯಾರಿಸ್ಸಿನಲ್ಲಿ 300 ಜನ ಕುರುಡರಿಗೆ ಆಶ್ರಯಧಾಮ ಕಟ್ಟಿಸಿದವನು. ರಾಜಕುಮಾರಿ ಹಂಗೇರಿಯ ಎಲಿಜಬೆತ್. 1207ರಲ್ಲಿ ಹುಟ್ಟಿ, ಹದಿನಾಲ್ಕಕ್ಕೆ ಮದುವೆಯಾಗಿ, ಇಪ್ಪತ್ತಕ್ಕೆ ವಿಧವೆಯಾದವಳು. ಅರಮನೆ ಬಿಟ್ಟು ಬಂದು ಜರ್ಮನಿಯ ಮಾರ್ಬುರ್ಗಿನಲ್ಲಿ ಆಸ್ಪತ್ರೆ ತೆರೆದು, ರೋಗಿಗಳ ಕಾಲು ತೊಳೆಯುತ್ತ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡಳು. ನಾಲ್ಕೇ ವರ್ಷದಲ್ಲಿ, 1235ರಲ್ಲಿ, ಸಂತಪದವಿ ಸಂದಿತು.

ಕನ್ನಡಿಗರಿಗೆ ಇದು ತೀರ ಹೊಸ ಕಥೆಯೇನಲ್ಲ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಹೊರೆ ಮಾರಿದನೆಂದು ಹೇಳುವ ಮೋಳಿಗೆಯ ಮಾರಯ್ಯ ನಮ್ಮವನೇ. ಹಗ್ಗ ಹೊಸೆದ ನುಲಿಯ ಚಂದಯ್ಯ, ಬಿದಿರು ಹೆಣೆದ ಮೇದಾರ ಕೇತಯ್ಯ, ಇವರೆಲ್ಲ ಕಾವಿ ತೊಡದೆ ಶರಣರಾದವರು. ಅಲ್ಲಮ ಮತ್ತು ಅಕ್ಕ ಹುಟ್ಟಿದ ಜಿಲ್ಲೆಯಲ್ಲಿ ಕೂತು, ಸಂಸಾರದ ನಡುವೆಯೂ ಸಂತರಾಗಬಹುದೆಂದು ಯಾರಿಗೂ ವಿವರಿಸಬೇಕಾಗಿಲ್ಲ.

ಅಕ್ಕನ ಮಾತು ಬಂದದ್ದರಿಂದ ಇನ್ನೊಬ್ಬಳನ್ನು ಹೇಳಬೇಕು. ಇಟಲಿಯ ಸಿಯೆನಾ ಪಟ್ಟಣದ ಕ್ಯಾಥರೀನ್. 1347ರಲ್ಲಿ, ಬಟ್ಟೆಗೆ ಬಣ್ಣ ಹಾಕುವವನ ಮನೆಯಲ್ಲಿ, ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ಪೈಕಿ ಒಬ್ಬಳಾಗಿ ಹುಟ್ಟಿದಳು. ಮದುವೆಗೆ ಒತ್ತಾಯ ಮಾಡಿದಾಗ ತಲೆಗೂದಲು ಕತ್ತರಿಸಿಕೊಂಡಳು. ಡೊಮಿನಿಕನ್ ಸಭೆಯ ಗೃಹಸ್ಥ ಶಾಖೆ ಸೇರಿ, ಮನೆಯಲ್ಲೇ ಇದ್ದು ಪ್ಲೇಗಿನ ರೋಗಿಗಳ ಸೇವೆ ಮಾಡಿದಳು. ಶಾಲೆ ಕಂಡವಳಲ್ಲ, ಓದಲು ಕಲಿತದ್ದು ತಡವಾಗಿ. ಆದರೂ ಫ್ರಾನ್ಸಿನ ಅವಿನ್ಯೋನಿನಲ್ಲಿ ಕೂತಿದ್ದ ಪೋಪ್ ಹನ್ನೊಂದನೆಯ ಗ್ರೆಗರಿಯವರಿಗೆ ರೋಮಿಗೆ ಮರಳಿ ಎಂದು ಪತ್ರದ ಮೇಲೆ ಪತ್ರ ಬರೆಸಿದಳು. ಅವರು 1377ರಲ್ಲಿ ಮರಳಿದರು. ಮೂವತ್ತಮೂರಕ್ಕೇ ತೀರಿಕೊಂಡ ಈಕೆಯನ್ನು 1970ರಲ್ಲಿ ಚರ್ಚು ತನ್ನ ಮಹಾಪಂಡಿತರ ಸಾಲಿಗೆ ಸೇರಿಸಿತು. ಡೊಮಿನಿಕನ್ ಗೃಹಸ್ಥರಿಗೆ ಇವಳೇ ಪಾಲಕಿ.

ಇದನ್ನೆಲ್ಲ ಹೇಳುವ ಹೊತ್ತಿಗೆ ಮಳೆ ನಿಂತಿತ್ತು. ಬಸ್‌ಸ್ಟ್ಯಾಂಡಿನ ಬಳಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆವು.

ಬೆಂಕಿಪುರದ ದಾರಿ

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಬಸ್ಸು ಎಷ್ಟು ಬೇಕಾದರೂ ಇವೆ. ಪುರುಸೊತ್ತಿದ್ದರೆ ರೈಲಿನಲ್ಲಿ ಹೋಗಬೇಕು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಹಾಕಿದ ಹಾದಿಯದು. ಒಂದು ಊರು ತುಂಗೆಯದು, ಇನ್ನೊಂದು ಭದ್ರೆಯದು. ಎರಡೂ ನದಿಗಳು ಕೂಡಲಿಯಲ್ಲಿ ಕೂಡುವವರೆಗೆ ಈ ಇಪ್ಪತ್ತು ಕಿಲೋಮೀಟರಿನ ಗದ್ದೆ, ಅಡಿಕೆ, ತೆಂಗು ಎಲ್ಲ ಅವುಗಳ ನಡುವಿನ ಸಂಸಾರ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಆ ಹೆಸರು ಹೋದ ಮೇಲೆ ಊರಿಗೆ ನಿಜವಾದ ಬೆಂಕಿ ಬಂತು. ಮೈಸೂರು ಸಂಸ್ಥಾನದ ಕಾಲದಲ್ಲಿ, 1918ರಲ್ಲಿ, ಕಬ್ಬಿಣದ ಕಾರ್ಖಾನೆಯ ಯೋಜನೆ ಶುರುವಾಗಿ 1923ರಲ್ಲಿ ಕುಲುಮೆ ಹೊತ್ತಿತು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಮಲೆನಾಡಿನ ಕಾಡುಮರ ಸುಟ್ಟ ಇದ್ದಿಲಿನಿಂದ, ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿ ಕಬ್ಬಿಣ ತೆಗೆದದ್ದು ಈ ಕಾರ್ಖಾನೆಯ ವಿಶೇಷ. ನಷ್ಟದಲ್ಲಿದ್ದ ಅದನ್ನು 1923ರಿಂದ 1929ರವರೆಗೆ ಮೇಲೆತ್ತಿ ನಿಲ್ಲಿಸಿದವರು ವಿಶ್ವೇಶ್ವರಯ್ಯನವರು. ಮುಂದೆ ಅವರ ಹೆಸರೇ ಕಾರ್ಖಾನೆಗೆ ನಿಂತಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ಕನ್ನಡದ ಮಕ್ಕಳು ಎಷ್ಟೋ ವರ್ಷ ಬರೆದ ನೋಟ್‌ಬುಕ್ಕಿನ ಹಾಳೆ, ಮನೆಮನೆಗೆ ಬಂದ ಪತ್ರಿಕೆಯ ಹಾಳೆ ಇಲ್ಲಿಂದ ಹೊರಟವು.

ಕಾಗದದ ಯಂತ್ರಗಳು 2015ರಲ್ಲಿ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷ ಆಗಸ್ಟಿನಲ್ಲಿ ಗಿರಣಿಯ ಒಂದು ಭಾಗ ಮತ್ತೆ ತಿರುಗಿತು. ನಾನು ಹುಡುಗನಾಗಿದ್ದಾಗ ಸೈರನ್ನಿನ ಮೇಲೆ ಊರು ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೆ ಅಪ್ರೆಂಟಿಸ್ ಕೆಲಸವೆಂಬ ಒಂದು ಬಾಗಿಲು ಇದ್ದೇ ಇರುತ್ತಿತ್ತು. ಇಂದಿನ ತಾಯಂದಿರಿಗೆ ಆ ಧೈರ್ಯವಿಲ್ಲ. ನನ್ನ ತಂಗಿ ಸೈಟು ಮಾರಲು ಹೊರಟದ್ದು ದುರಾಸೆಯಿಂದಲ್ಲ, ಭಯದಿಂದ. ಅದು ನನಗೆ ಅರ್ಥವಾದದ್ದು ಬಸ್ಸಿನಿಂದಿಳಿದು ಆ ಹಳೆಯ ಬೀದಿಗಳಲ್ಲಿ ನಡೆದಾಗಲೇ.

ಗೇಟಿನಲ್ಲಿ ಮೂವತ್ತಮೂರು ವರ್ಷ

ಮನೆಗೆ ಹೋಗುವ ಮೊದಲು ಒಬ್ಬರನ್ನು ನೋಡುವುದಿತ್ತು. ನಾವು ಕ್ವಾರ್ಟರ್ಸಿನಲ್ಲಿದ್ದಾಗ ನಮ್ಮ ಪಕ್ಕದ ಮನೆಯಲ್ಲಿದ್ದವರು. ಊರಿನ ಒಂದು ಕಾರ್ಖಾನೆಯ ಗೇಟಿನಲ್ಲಿ ಮೂವತ್ತಮೂರು ವರ್ಷ ಕಾವಲುಗಾರರಾಗಿದ್ದವರು. ಈಗ ಎಂಬತ್ತು ದಾಟಿದೆ. ಪೇಪರಿನಲ್ಲಿ ತಮ್ಮ ಹೆಸರು ಬರಕೂಡದೆಂದು ಆಣೆ ಹಾಕಿಸಿದ್ದಾರೆ. ತಮ್ಮ ಹೆಸರಿನ ಸಂತನದು ಬರಲಿ ಎಂದಿದ್ದಾರೆ. ಆ ಸಂತ ಅಲ್ಫೋನ್ಸಸ್ ರೊಡ್ರಿಗಸ್.

ಅವರ ಮನೆಯ ಗೋಡೆಯಲ್ಲಿ ಕ್ಯಾಲೆಂಡರಿನಷ್ಟು ದೊಡ್ಡ ಪವಿತ್ರ ಹೃದಯದ ಪಟ. ಅದರ ಚೌಕಟ್ಟಿನ ಸಂದಿಯಲ್ಲಿ ಅಂಗೈಯಷ್ಟು ಅಗಲದ, ಅಂಚು ಸವೆದ ಒಂದು ಚಿತ್ರ. ಕಪ್ಪು ನಿಲುವಂಗಿಯ ಮುದುಕನೊಬ್ಬ, ಸೊಂಟದಲ್ಲಿ ಬೀಗದ ಕೈಗೊಂಚಲು.

'ಇವರೂ ನಮ್ಮ ಹಂಗೇ ಕಣಪ್ಪಾ, ವಾಚ್‌ಮನ್' ಎಂದರು ಅಜ್ಜ, ಹುಡುಗನಿಗೆ.

ಕಥೆ ಅವರು ಹೇಳಿದ್ದು ಅರ್ಧ, ನಾನು ಓದಿದ್ದು ಅರ್ಧ. ಸ್ಪೇನಿನ ಸೆಗೋವಿಯಾದಲ್ಲಿ 1533ರ ಸುಮಾರಿಗೆ ಬಟ್ಟೆ ವ್ಯಾಪಾರಿಯ ಮಗನಾಗಿ ಹುಟ್ಟಿದವನು ಅಲ್ಫೋನ್ಸಸ್. ತಂದೆ ತೀರಿಕೊಂಡದ್ದರಿಂದ ಓದು ನಡುವಿನಲ್ಲೇ ನಿಂತಿತು, ಅಂಗಡಿ ಹೆಗಲಿಗೆ ಬಂತು. ಮದುವೆಯಾಯಿತು. ವ್ಯಾಪಾರ ಮುಳುಗಿತು. ಹೆಂಡತಿ ಹೋದಳು, ಒಬ್ಬೊಬ್ಬರಾಗಿ ಮಕ್ಕಳೂ ಹೋದರು. ಯೇಸುಸಭೆ ಸೇರುತ್ತೇನೆಂದು ಹೋದರೆ ವಯಸ್ಸು ಹೆಚ್ಚಾಗಿದೆ, ವಿದ್ಯೆ ಸಾಲದು ಎಂದರು. ಮೂವತ್ತೈದು ದಾಟಿದ ಮನುಷ್ಯ ವೆಲೆನ್ಸಿಯಾಕ್ಕೆ ಹೋಗಿ, ಚಿಕ್ಕ ಹುಡುಗರ ಜತೆ ಬೆಂಚಿನಲ್ಲಿ ಕೂತು ಲ್ಯಾಟಿನ್ ವ್ಯಾಕರಣ ಕಲಿಯತೊಡಗಿದ. ಆ ಹುಡುಗರು ಎಷ್ಟು ನಕ್ಕಿರಬಹುದು! ಕೊನೆಗೆ 1571ರಲ್ಲಿ, ಗುರುವಾಗಿ ಅಲ್ಲ, ಬ್ರದರ್ ಆಗಿ ಅವನನ್ನು ಸೇರಿಸಿಕೊಂಡರು. ಮಜೋರ್ಕಾ ದ್ವೀಪದ ಪಾಲ್ಮಾ ಊರಿನ ಕಾಲೇಜಿಗೆ ಕಳಿಸಿ ಬಾಗಿಲು ಕಾಯುವ ಕೆಲಸ ಕೊಟ್ಟರು. 1617ರಲ್ಲಿ ಸಾಯುವವರೆಗೂ ಅವನ ಬಾಳು ಆ ಕಾಲೇಜಿನಲ್ಲೇ ಕಳೆಯಿತು. ಬಹುಪಾಲು ಆ ಬಾಗಿಲ ಬಳಿಯಲ್ಲೇ.

'ಯಾರೇ ಬಾಗಿಲು ಬಡಿದ್ರೂ ದೇವ್ರೇ ಬಂದಿದ್ದಾನೆ ಅಂದ್ಕೊಂಡು ತೆಗೀತಿದ್ರಂತೆ' ಎಂದರು ಅಜ್ಜ. 'ನಾನು ಹಂಗೆ ಅಂದ್ಕೊಂಡಿದ್ದು ಕಡಿಮೆ. ರಾತ್ರಿ ಪಾಳಿಯಲ್ಲಿ ಎಬ್ಬಿಸಿದ್ರೆ ಬೈಕೊಂಡೇ ತೆಗೀತಿದ್ದೆ.'

ಹುಡುಗ ನಕ್ಕ. ಆ ದಿನದ ಮೊದಲ ನಗು.

ಆ ಬಾಗಿಲಿಗೆ 1605ರಲ್ಲಿ ಪೀಟರ್ ಕ್ಲೇವರ್ ಎಂಬ ವಿದ್ಯಾರ್ಥಿ ಬಂದ. ಬುದ್ಧಿವಂತ, ಆದರೆ ಮುಂದೇನು ಮಾಡಬೇಕೆಂದು ತಿಳಿಯದೆ ತೊಳಲುತ್ತಿದ್ದವನು. ಪಾಠದ ಕೋಣೆಯಲ್ಲಿ ಸಿಗದ ದಾರಿ ಅವನಿಗೆ ಬಾಗಿಲ ಬಳಿ ಸಿಕ್ಕಿತು. ಮುದುಕ ಕಾವಲುಗಾರನ ಮಾತಿನಿಂದ ಹುರುಪುಗೊಂಡು ದಕ್ಷಿಣ ಅಮೆರಿಕದ ಕಾರ್ತಹೇನಾ ಬಂದರಿಗೆ ಹೋದ. ಆಫ್ರಿಕಾದಿಂದ ಹಡಗಿನ ಹೊಟ್ಟೆಯಲ್ಲಿ ತುಂಬಿ ತರುತ್ತಿದ್ದ ಗುಲಾಮರ ಗಾಯ ತೊಳೆಯುತ್ತ, ಅನ್ನ ನೀರು ಕೊಡುತ್ತ 1654ರಲ್ಲಿ ಸಾಯುವತನಕ ಅಲ್ಲೇ ದುಡಿದ. 1888ರ ಜನವರಿಯಲ್ಲಿ ರೋಮಿನಲ್ಲಿ ಕಾವಲುಗಾರನಿಗೂ ವಿದ್ಯಾರ್ಥಿಗೂ ಒಂದೇ ದಿನ ಸಂತಪದವಿ ಕೊಟ್ಟರು. ಯೇಸುಸಭೆಯ ಬ್ರದರ್‌ಗಳಿಗೆಲ್ಲ ಅಲ್ಫೋನ್ಸಸನೇ ಪಾಲಕ ಸಂತ. ಇಂಗ್ಲಿಷ್ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಅದೇ ವರ್ಷ ಇವನ ಮೇಲೆ ಒಂದು ಸಾನೆಟ್ ಬರೆದ. ಹೊರಗೆ ಏನೂ ಘಟಿಸದ ಒಂದು ಬಾಳಿನ ಮೇಲೆ.

ಪೊರಕೆ, ಸೂಜಿ, ಕುಂಚ

'ಪೊರಕೆ ಸಂತ ಯಾರು ತಾತಾ?' ಹುಡುಗ ಮರೆತಿರಲಿಲ್ಲ.

ಪೊರಕೆಯವನು ಮಾರ್ಟಿನ್ ಡಿ ಪೊರೆಸ್. ಪೆರು ದೇಶದ ಲೀಮಾದಲ್ಲಿ 1579ರಲ್ಲಿ ಹುಟ್ಟಿದವನು. ತಂದೆ ಸ್ಪೇನಿನವನು, ತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಹೆಂಗಸು. ಹನ್ನೆರಡನೆಯ ವಯಸ್ಸಿಗೆ ಕ್ಷೌರಿಕನ ಬಳಿ ಕೆಲಸ ಕಲಿಯಲು ಸೇರಿದ. ಆ ಕಾಲದಲ್ಲಿ ಗಾಯಕ್ಕೆ ಕಟ್ಟು ಹಾಕುವುದೂ ಕ್ಷೌರಿಕರೇ. ಡೊಮಿನಿಕನ್ ಮಠಕ್ಕೆ ಹೋದರೆ ಕಪ್ಪು ಜನರಿಗೆ ವ್ರತದೀಕ್ಷೆ ಇಲ್ಲವೆಂಬ ಕಟ್ಟಳೆ ಅಡ್ಡ ಬಂತು. ಆಳಾಗಿ ಒಳಗೆ ಸೇರಿ ನೆಲ ಗುಡಿಸಿದ, ರೋಗಿಗಳನ್ನು ನೋಡಿಕೊಂಡ. ವರ್ಷಗಳ ಮೇಲೆ, 1603ರಲ್ಲಿ, ಕಟ್ಟಳೆ ಬದಿಗಿಟ್ಟು ಅವನನ್ನು ಬ್ರದರ್ ಮಾಡಿಕೊಂಡರು. ಸಂತಪದವಿ ಬಂದದ್ದು 1962ರಲ್ಲಿ, ಸತ್ತು ಮುನ್ನೂರು ವರ್ಷಗಳಾದ ಮೇಲೆ. ಚಿತ್ರಗಳಲ್ಲಿ ಇವನ ಕೈಯಲ್ಲಿ ಪೊರಕೆ ಇರುತ್ತದೆ.

ಸೂಜಿಯವನು ಇಟಲಿಯ ಜೆರಾರ್ಡ್ ಮಜೆಲ್ಲಾ. ದರ್ಜಿಯ ಮಗ, ತಾನೂ ದರ್ಜಿ. ಮೈಯಲ್ಲಿ ಶಕ್ತಿಯಿಲ್ಲವೆಂದು ಒಂದು ಮಠ ಸೇರಿಸಿಕೊಳ್ಳಲಿಲ್ಲ. ಇನ್ನೊಂದು ಸಭೆಗೆ ಅವನನ್ನು ಕಳಿಸಿಕೊಟ್ಟ ಗುರುಗಳು, ದುಡಿಮೆಗೆ ಉಪಯೋಗಕ್ಕೆ ಬಾರದವನೆಂದೇ ಚೀಟಿ ಬರೆದಿದ್ದರಂತೆ. 1755ರಲ್ಲಿ ಇಪ್ಪತ್ತೊಂಬತ್ತಕ್ಕೇ ಸತ್ತ ಈ 'ಉಪಯೋಗಕ್ಕೆ ಬಾರದವ'ನ ಹೆಸರನ್ನು ಇಂದಿಗೂ ಬಸುರಿ ಹೆಂಗಸರು ಹರಕೆ ಹೊತ್ತು ಮಕ್ಕಳಿಗಿಡುತ್ತಾರೆ.

ನಮ್ಮ ನೆಲದವನೂ ಒಬ್ಬನಿದ್ದಾನೆ. ಮುಂಬೈ ಬಳಿಯ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ. ಹುಡುಗನಾಗಿದ್ದಾಗಲೇ ಪಾದ್ರಿಗಳ ಜತೆ ಜಪಾನಿಗೆ ಹೋಗಿ ಅಲ್ಲಿನ ಭಾಷೆ ಕಲಿತ. ಯೇಸುಸಭೆಗೆ ಸೇರುವ ಆಸೆ ಈಡೇರಲಿಲ್ಲ. ವ್ಯಾಪಾರಕ್ಕಿಳಿದ. ಕೊನೆಗೆ ಮನಿಲಾದಲ್ಲಿ ಫ್ರಾನ್ಸಿಸ್ಕನ್ ಸಭೆ ಸೇರಿ ಬ್ರದರ್ ಆದ. ತನಗೆ ಬರುತ್ತಿದ್ದ ಜಪಾನೀ ಭಾಷೆಯಿಂದಾಗಿ ದುಭಾಷಿಯಾಗಿ ಮತ್ತೆ ಜಪಾನಿಗೆ ಹೋದ. 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ ಶಿಲುಬೆಗೇರಿಸಿದ 26 ಜನರಲ್ಲಿ ಅವನೂ ಒಬ್ಬ. ಅವರಲ್ಲಿ 17 ಮಂದಿ ಜಪಾನಿನ ಶ್ರೀಸಾಮಾನ್ಯರು, ಎಳೆಯ ಹುಡುಗರೂ ಇದ್ದರು. 1862ರಲ್ಲಿ ಇವರೆಲ್ಲರಿಗೂ ಸಂತಪದವಿ ಸಂದಾಗ, ಭಾರತದಲ್ಲಿ ಹುಟ್ಟಿದ ಮೊದಲ ಸಂತನೆಂಬ ಹೆಸರು ಬಂದದ್ದು ಒಬ್ಬ ಪಂಡಿತನಿಗಲ್ಲ, ಈ ಬ್ರದರ್‌ಗೆ.

ಮಂಗಳೂರಿಗೆ ಶಾಲಾ ಪ್ರವಾಸ ಹೋದ ಮಕ್ಕಳಿಗೆ ಇನ್ನೊಂದು ಹೆಸರು ಹೇಳಬೇಕು. ಅಲ್ಲಿನ ಸೇಂಟ್ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆ, ಮಾಡು ತುಂಬ ಚಿತ್ರಗಳಿವೆ. 'ನಾನು ಎಂಟನೇ ಕ್ಲಾಸಿನಲ್ಲಿ ನೋಡಿದ್ದೀನಿ ಮಾಮಾ. ಕತ್ತು ನೋವು ಬಂದಿತ್ತು. ಅದನ್ನ ಬರೆದೋರು ಫಾದರ್ ಅಲ್ವಾ?' ಎಂದ ಹುಡುಗ. ಅಲ್ಲ. ಇಟಲಿಯ ಬೆರ್ಗಾಮೋ ಬಳಿಯವನಾದ ಆಂತೋನಿಯೋ ಮೊಸ್ಕೇನಿ, ಯೇಸುಸಭೆಯ ಒಬ್ಬ ಬ್ರದರ್. 1899ರಿಂದ 1901ರವರೆಗೆ ಅಟ್ಟಣಿಗೆ ಏರಿ ಇಳಿದು ಅಷ್ಟನ್ನೂ ಬರೆದವನು ಅವನು. ಕೆಲವು ಹಸಿ ಗಾರೆಯ ಮೇಲೆ, ಕೆಲವು ಕ್ಯಾನ್ವಾಸಿನ ಮೇಲೆ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಅವನು ಸಂತನಲ್ಲ. ಆದರೆ ಆ ಮಂದಿರಕ್ಕೆ ಹೋದವರೆಲ್ಲ ಇಂದಿಗೂ ತಲೆಯೆತ್ತುವುದು ಒಬ್ಬ ಬ್ರದರ್‌ನ ಕೈಕೆಲಸದ ಕಡೆಗೆ.

ಒಂದು ಎಚ್ಚರಿಕೆ

ಇಷ್ಟು ಹೇಳಿ ನಾನು ಒಂದು ಉಪದೇಶಕ್ಕೆ ಕೈ ಹಾಕುವವನಿದ್ದೆ. ದುಡಿಮೆಯಲ್ಲಿ ಮೇಲು ಕೀಳಿಲ್ಲ, ಬಾಗಿಲು ಕಾಯುವುದೂ ದೊಡ್ಡ ಕೆಲಸವೇ ಎಂದು. ಅಜ್ಜ ತಡೆದರು.

'ಅಂಗೆ ಅನ್ಬೇಡಪ್ಪಾ. ಅದನ್ನ ಹೇಳೋರು ಯಾರೂ ಗೇಟಲ್ಲಿ ನಿಂತೋರಲ್ಲ. ಮಳೇಲಿ ನಿಂತಿದ್ದೀನಿ, ಸಂಬಳ ಸಾಲದೆ ಸಾಲ ಮಾಡಿದ್ದೀನಿ. ನನ್ನ ಮಕ್ಕಳನ್ನ ಗೇಟಿಗೆ ನಿಲ್ಲಿಸ್ಲಿಲ್ಲ, ಓದ್ಸಿದೆ. ಆ ಸಂತ ಏನು ಮಾಡ್ದ? ಆ ಪೀಟರ್ ಹುಡುಗನ್ನ ನೀನೂ ಬಾಗಿಲು ಕಾಯಿ ಅಂದ್ನಾ? ಇಲ್ಲ. ಹೋಗು ಅಂದ. ಬಾಗಿಲು ಕಾಯೋನ ಕೆಲಸ ಬಾಗಿಲು ತೆಗೆಯೋದು.'

ನನ್ನ ಬಾಯಿ ಕಟ್ಟಿತು. ಮಾರ್ಟಿನ್ನನನ್ನು ಪೊರಕೆಗೆ ಕಟ್ಟಿ ಹಾಕಿದ್ದು ದೇವರಲ್ಲ, ಮನುಷ್ಯರ ಕಟ್ಟಳೆ. ಅವನು ಸಂತನಾದದ್ದರಿಂದ ಆ ಕಟ್ಟಳೆ ಸರಿಯಾಗುವುದಿಲ್ಲ. ಇಂಥ ಕಥೆಗಳನ್ನು ಕೆಳಗಿರುವವರನ್ನು ಕೆಳಗೇ ಇಡಲು ಬಳಸಿದರೆ ಅದು ಆ ಸಂತರಿಗೆ ಮಾಡುವ ಅಪಚಾರ. ಅವರು ಹೇಳುವುದು ಬೇರೆ. ಮನುಷ್ಯನ ಬೆಲೆಯನ್ನು ಅಂಕಪಟ್ಟಿ ನಿರ್ಧರಿಸಲಾರದು. ಹಾಗೆಂದು ಕಲಿಯುವ ಹಂಬಲವನ್ನೂ ಬಿಡಬೇಕಿಲ್ಲ. ಅಲ್ಫೋನ್ಸಸ್ ಮೂವತ್ತೈದು ದಾಟಿದ ಮೇಲೆ ವ್ಯಾಕರಣ ಪುಸ್ತಕ ಹಿಡಿದನಲ್ಲ!

ಅಜ್ಜ ಹುಡುಗನ ಕಡೆ ತಿರುಗಿದರು. 'ನಿಂಗೇನು ಮಾಡೋಕೆ ಇಷ್ಟ ಮಗಾ?'

ಅದನ್ನು ಕೇಳಿದ ಮೊದಲಿಗರು ಅವರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಹೇಳಿದ. ಮನೆಯ ಹತ್ತಿರದ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ರಜೆಯಲ್ಲೆಲ್ಲ ಕೂತಿರುತ್ತಾನೆ. ಸುಟ್ಟ ಪಂಪ್‌ಸೆಟ್ ಬಿಚ್ಚಿ ತಾಮ್ರದ ತಂತಿ ಸುತ್ತುವುದು ಬರುತ್ತದೆ. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಬೇಕು. ಎಂಜಿನಿಯರಿಂಗ್ ಬೇಡವೆಂದಲ್ಲ, ಅದಕ್ಕಾಗಿ ಅಮ್ಮ ಸೈಟು ಮಾರುವುದು ಬೇಡ. ಡಿಪ್ಲೊಮಾ ಚೆನ್ನಾಗಿ ಮುಗಿಸಿದರೆ ಅಲ್ಲಿಂದ ಎಂಜಿನಿಯರಿಂಗಿಗೆ ದಾರಿಯಿದೆ ಎಂಬುದನ್ನೂ ವಿಚಾರಿಸಿಕೊಂಡಿದ್ದ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. 'ನೀವು ಯಾರೂ ಕೇಳ್ಲಿಲ್ಲ ಮಾಮಾ' ಎಂದ.

ಮನೆಗೆ ಹೋಗಿ ಈ ಮಾತು ಎತ್ತಿದಾಗ ತಂಗಿ ಅತ್ತಳು, ನನ್ನ ಮೇಲೆ ಸಿಟ್ಟಾದಳು. ಕಾಲೇಜು ನೋಡಿ ಬಾ ಎಂದು ಕಳಿಸಿದರೆ ಚರ್ಚು ನೋಡಿ ಬಂದೆಯಾ ಎಂದಳು. ಎರಡು ದಿನ ಮಗನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಅವನ ಜತೆ ಹೋಗಿ ಪಾಲಿಟೆಕ್ನಿಕ್ಕಿನ ಅರ್ಜಿ ತಂದಳಂತೆ. ಸೈಟಿನ ಪತ್ರ ಬೀರುವಿಗೆ ವಾಪಸು ಹೋಯಿತು. ಹುಡುಗ ಮುಂದೆ ಏನಾಗುತ್ತಾನೋ ನಾನರಿಯೆ. ಸೀಟು ಇನ್ನೂ ಸಿಗಬೇಕು.

ಶಿವಮೊಗ್ಗಕ್ಕೆ ಹೋದವರು ಪ್ರಧಾನ ದೇವಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಪವಿತ್ರ ಹೃದಯದ ಹಬ್ಬ ಸಾಮಾನ್ಯವಾಗಿ ಜೂನ್ ತಿಂಗಳ ಒಂದು ಶುಕ್ರವಾರ ಬರುತ್ತದೆ, ಅಡ್ಮಿಷನ್ನಿನ ಗಡಿಬಿಡಿಯ ನಡುವೆಯೇ. ಪೂಜೆಯ ಹೊತ್ತಾಗಿದ್ದರೆ ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕೂರಿ. ಅಲ್ಲಿಂದ ಇಪ್ಪತ್ತು ಕಿಲೋಮೀಟರಿನ ಭದ್ರಾವತಿಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನೂ ನೋಡಬಹುದು. ಹಿಂದಿರುಗುವಾಗ ಕಾರ್ಖಾನೆಯ ಗೇಟಿನ ಮುಂದೆ ಒಂದು ಗಳಿಗೆ ನಿಲ್ಲಿ.

ನಾನು ಹೊರಟ ದಿನ ಬೆಳಗಿನ ಐದೂವರೆಗೇ ರೈಲು ಹಿಡಿಯಬೇಕಿತ್ತು. ಆಟೋದವನು ಬಂದು ಕೂಗಿದಾಗ ಮನೆಯವರೆಲ್ಲ ಮಲಗಿದ್ದರು. ಅಳಿಯ ಎದ್ದು ಬಂದು ಚಿಲಕ ತೆಗೆದ. 'ಹೋಗಿ ಬನ್ನಿ ಮಾಮಾ' ಎಂದು, ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲೇ ನಿಂತಿದ್ದ.